ಇಡ್ಲಿ ಇದ್ದ ಮೀಟರು

ಹಳೆಯ ಚರ್ಮದ ಚೀಲಕ್ಕೆ ಒಂದು ವಾಸನೆ ಇರುತ್ತದೆ ನೋಡಿ, ಬೆವರು, ಪಾಲಿಶ್, ಬೀರುವಿನೊಳಗಿನ ನುಸಿಗುಳಿಗೆ ಎಲ್ಲ ಸೇರಿದ್ದು. ಹೋದ ವಾರ ದಿಲ್ಲಿಯ ಕರೋಲ್ ಬಾಗಿನ ಕ್ಯಾಮೆರಾ ಅಂಗಡಿಯಲ್ಲಿ, ಫೋಟೋಗೆ ಬೆಳಕು ಅಳೆಯುವ ಲೈಟ್ ಮೀಟರ್ ಕೊಳ್ಳಲು ನಿಂತಿದ್ದೆ. ಅಂಗಡಿಯವನು ಗಾಜಿನ ಕಪಾಟಿನ ಮೂಲೆಯಿಂದ ಯಾರೋ ಮಾರಿಹೋಗಿದ್ದ ಹಳೆಯ ಮೀಟರೊಂದನ್ನು ತೆಗೆದು ಚೀಲದ ಗುಂಡಿ ಬಿಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸವೇ ಮರೆತುಹೋಯಿತು. ಅಲ್ಲಿಂದ ನಾಲ್ಕು ಗಲ್ಲಿ ಆಚೆ, ಮೂರನೆಯ ಮಹಡಿಯ ಮೇಲಿದ್ದ ನಮ್ಮ ಬರ್ಸಾತಿ, ಅಂದರೆ ತಾರಸಿ ಮೇಲಿನ ಪುಟ್ಟ ಮನೆ, ಕಣ್ಣ ಮುಂದೆ ಬಂತು. ಒಂದೂವರೆ ಕೋಣೆ, ಅದರಲ್ಲಿ ಅಪ್ಪ, ಅಮ್ಮ, ಅಜ್ಜಿ, ಅಪ್ಪನ ತಂಗಿ ಸರಸತ್ತೆ, ನಾನು. ಕೋಣೆಗೆ ಅಂಟಿದಂತೆ ದೊಡ್ಡ ತಾರಸಿ, ತಾರಸಿಯ ತುಂಬ ಚಳಿಗಾಲದ ಬಿಸಿಲು. ಈಗ ಅಲ್ಲೊಂದು ಹೋಟೆಲು ಎದ್ದಿದೆ. ನಾವು ಬಿಸಿಲು ಕಾಯಿಸುತ್ತಿದ್ದ ಜಾಗದಲ್ಲಿ ಏಸಿ ಡಬ್ಬಗಳು ಗುಂಯ್‌ಗುಡುತ್ತವೆ. ನಿಮ್ಮ ಬಾಲ್ಯದ ಮನೆಯ ಮೇಲೂ ಇಂಥದ್ದೇ ಏನೋ ಎದ್ದಿದ್ದರೆ, ನನ್ನ ಹೊಟ್ಟೆಯುರಿ ನಿಮಗೆ ಅರ್ಥವಾದೀತು.

ಅಪ್ಪ ಕೇಂದ್ರ ಸರ್ಕಾರದ ಗುಮಾಸ್ತ. ವಾರವೆಲ್ಲ ಕಡತ, ಭಾನುವಾರ ಕ್ಯಾಮೆರಾ. ಅಂಥದ್ದೇ ಚರ್ಮದ ಚೀಲದಲ್ಲಿರುತ್ತಿದ್ದ ಅವನ ಮೀಟರಿಗೆ ಬ್ಯಾಟರಿ ಗೀಟರಿ ಏನೂ ಬೇಡ, ಬೆಳಕು ಬಿದ್ದರೆ ತನ್ನಷ್ಟಕ್ಕೆ ಮುಳ್ಳು ಏಳುತ್ತಿತ್ತು. ಅದರ ಕಣ್ಣಿನ ಮೇಲೆ ಕೂರಿಸಲು ಒಂದು ಬಿಳಿಯ ಉಬ್ಬು ಮುಚ್ಚಳ ಇತ್ತು. ನಾನು ಅದಕ್ಕೆ ಇಡ್ಲಿ ಅಂದೆ, ಆಮೇಲೆ ಮನೆಮಂದಿಗೆಲ್ಲ ಅದು ಇಡ್ಲಿಯೇ ಆಯಿತು. "ಪುಟ್ಟೀ, ಇಡ್ಲಿ ಎಲ್ಲಿಟ್ಟೆ?" ಎಂದು ಅಪ್ಪ ತಾರಸಿಯಿಂದ ಕೂಗುತ್ತಿದ್ದ. ಇಡ್ಲಿ ಕೂರಿಸಿದ ಮೀಟರನ್ನು ನಮ್ಮ ಗಲ್ಲದ ಹತ್ತಿರ ಹಿಡಿದು ಮುಳ್ಳನ್ನು ನೋಡುತ್ತ ನಿಂತುಬಿಡುತ್ತಿದ್ದ. "ಏನೋ ಅದು, ಎಲ್ಲರಿಗೂ ಜ್ವರ ನೋಡ್ತಿದೀಯಾ?" ಎಂದು ಅಜ್ಜಿ ಕಾಲೆಳೆಯುತ್ತಿದ್ದಳು. ಸರಸತ್ತೆಗಂತೂ ನಗು ತಡೆಯಲಾಗದೆ ಫೋಟೋ ಎಲ್ಲ ಅಲುಗಾಡಿ ಹೋಗುತ್ತಿತ್ತು. ಅತ್ತೆ ಕಪ್ಪಗಿದ್ದಳು. ಎಣ್ಣೆಗಪ್ಪು ಅನ್ನುತ್ತಾರಲ್ಲ, ಹಾಗೆ. ನನ್ನ ಕಣ್ಣಿಗೆ ಅವಳಷ್ಟು ಚೆಂದದವರು ಇಡೀ ದಿಲ್ಲಿಯಲ್ಲಿ ಇರಲಿಲ್ಲ.

ಆದರೆ ನನ್ನ ಕಣ್ಣನ್ನು ಯಾರು ಕೇಳಬೇಕು? ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ತೆಗೆಸಲು ಅಜ್ಜಿ ಅವಳನ್ನು ಬೀದಿಯ ಸ್ಟುಡಿಯೋಗೇ ಕರೆದೊಯ್ಯುತ್ತಿದ್ದಳು. ಅಲ್ಲಿಯವನು ತನ್ನ ಮೀಟರಿನ ಇಡ್ಲಿ ತೆಗೆದಿಟ್ಟು, ಬರೀ ಮೀಟರನ್ನು ಅತ್ತೆಯ ಮುಖದ ಕಡೆ ತಿರುಗಿಸುತ್ತಿದ್ದ. ಹಾಗೆ ಹಿಡಿದರೆ ಅದು ಮುಖದಿಂದ ವಾಪಸ್ಸು ಬರುವ ಬೆಳಕನ್ನು ಅಳೆಯುತ್ತದೆ. ಕಪ್ಪು ಮುಖದಿಂದ ಬರುವ ಬೆಳಕು ಕಡಿಮೆ. ಮೀಟರು ಪಾಪ, ಕತ್ತಲೇ ಇದೆ ಅಂದುಕೊಂಡು ಇನ್ನಷ್ಟು ಬೆಳಕು ಕೊಡು ಅನ್ನುತ್ತದೆ. ಕೊಟ್ಟರೆ ಕಪ್ಪು ಹುಡುಗಿ ಬೆಳ್ಳಗೆ ಬರುತ್ತಾಳೆ. ಅವನು ಗೊತ್ತಿದ್ದೇ ಹಾಗೆ ಮಾಡುತ್ತಿದ್ದ, ಹೆತ್ತವರಿಗೆಲ್ಲ ಬೇಕಿದ್ದದ್ದೂ ಅದೇ. ಆ ಫೋಟೋ ಒಪ್ಪಿ ಬಂದವರು, ಅತ್ತೆ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದೊಡನೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಬ್ಬಾಕೆಯಂತೂ, "ಫೋಟೋದಲ್ಲಿರೋಳು ಇವಳ ತಂಗಿಯಾ?" ಎಂದು ಕೇಳಿಯೇಬಿಟ್ಟಳು. ಅತ್ತೆ ತಟ್ಟೆ ಇಟ್ಟು, ತಾರಸಿಗೆ ಹೋಗಿ, ಇನ್ನೂ ಒಣಗದ ಬಟ್ಟೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು.

ಮರುಭಾನುವಾರ ಅಪ್ಪ ಅವಳನ್ನು ತಾರಸಿಯಲ್ಲಿ ಕೂರಿಸಿದ. "ಒಂಚೂರು ಬೆಳ್ಳಗೆ ಬರೋ ಹಾಗೆ ತೆಗಿಯೋ, ನಿನ್ನ ಗಂಟೇನು ಹೋಗುತ್ತೆ?" ಎಂದು ಅಜ್ಜಿ ಗೋಗರೆದಳು. ಅತ್ತೆಯೂ ತಲೆ ತಗ್ಗಿಸಿ, "ಹೂಂ ಅಣ್ಣಾ, ಸ್ವಲ್ಪ" ಎಂದಳು. ಅಪ್ಪ ಅವಳೆದುರು ಕುಕ್ಕರುಗಾಲಲ್ಲಿ ಕೂತು, ಇಡ್ಲಿಯನ್ನು ಗಲ್ಲದ ಹತ್ತಿರ ಹಿಡಿದ. "ಸರಸಾ, ಇದು ನಿನ್ನ ಮೇಲೆ ಬೀಳೋ ಬೆಳಕನ್ನ ಮಾತ್ರ ನೋಡುತ್ತೆ, ನಿನ್ನ ಬಣ್ಣ ನೋಡಲ್ಲ. ಬಣ್ಣ ನೋಡೋರು ಊರ ತುಂಬ ಇದಾರೆ, ಇದೊಂದಾದರೂ ನೋಡದೆ ಇರಲಿ" ಎಂದ. ಅತ್ತೆ ತಲೆ ಎತ್ತಿದಳು. ಅಪ್ಪ ಆಗಲೇ ಫೋಟೋ ತೆಗೆದ. ಅತ್ತೆ ಹೇಗಿದ್ದಳೋ ಹಾಗೆ, ಆ ಕೆನ್ನೆ, ಆ ಹೊಳಪು. ಅಂದಿನಿಂದ ಅಪ್ಪ ಹಟ ಹಿಡಿದು ಅದೊಂದನ್ನೇ ಕಳಿಸಿದ. ಅದನ್ನು ನೋಡಿ ಯಾರೂ ಬರಲಿಲ್ಲ.

ವರ್ಷಗಳು ಹೋದವು. ಅತ್ತೆ ಟೈಪಿಸ್ಟ್ ಕೆಲಸ ಹಿಡಿದಳು, ನನಗೆ ಜಡೆ ಹಾಕಿದಳು, ಕನ್ನಡ ಅಕ್ಷರ ತಿದ್ದಿಸಿದಳು, ನಮ್ಮ ಮನೆಯಲ್ಲೇ ಉಳಿದಳು. "ಆ ನಿನ್ನ ಇಡ್ಲಿ ನನ್ನ ಮಗಳ ಬಾಳು ನುಂಗಿಹಾಕ್ತು" ಎಂದು ಅಜ್ಜಿ ಕೊನೆಯವರೆಗೂ ಅಪ್ಪನನ್ನು ಚುಚ್ಚಿದಳು. ಅಪ್ಪ ಮೀಟರನ್ನು ಬೀರುವಿನಲ್ಲಿಟ್ಟವನು ಆಮೇಲೆ ಅತ್ತೆಯ ಫೋಟೋ ತೆಗೆಯಲೇ ಇಲ್ಲ. ಅಜ್ಜಿ ಹೋದಳು, ಅಮ್ಮ ಹೋದಳು, ಅಪ್ಪನೂ ಹೋದ. ನಾನು ಫೋಟೋಗ್ರಾಫರ್ ಆದೆ. ಅತ್ತೆ ನನ್ನ ಜೊತೆ ದಿಲ್ಲಿಯಂಚಿನ ದ್ವಾರಕಾದ ಫ್ಲ್ಯಾಟಿಗೆ ಬಂದಳು. ಈ ಬೇಸಿಗೆಯಲ್ಲಿ ಬಾಲ್ಕನಿಯಲ್ಲಿ ಅಲಸಂದೆ ಬಿಡಿಸುತ್ತಿದ್ದಾಗ, ಇಷ್ಟು ವರ್ಷ ಗಂಟಲಲ್ಲಿದ್ದದ್ದನ್ನು ಕೇಳಿಬಿಟ್ಟೆ, ಅಪ್ಪನ ಮೇಲೆ ನಿನಗೆ ಸಿಟ್ಟಿಲ್ಲವಾ ಅಂತ.

"ಇತ್ತು ಕಣೇ, ಬೇಕಾದಷ್ಟಿತ್ತು" ಎಂದಳು. ಇನ್ನೆರಡು ಅಲಸಂದೆ ಬಿಡಿಸಿ ಮತ್ತೆ ಹೇಳಿದಳು: "ಆ ಸ್ಟುಡಿಯೋ ಫೋಟೋ ನೋಡಿ ಬಂದೋರೆಲ್ಲ ನನ್ನ ನೋಡಿ ಎದ್ದು ಹೋದ್ರು. ಅಣ್ಣನ ಫೋಟೋ ನೋಡಿ ಯಾರೂ ಬರಲಿಲ್ಲ, ಸರಿ. ಆದ್ರೆ ಯಾರೂ ಎದ್ದೂ ಹೋಗಲಿಲ್ಲ ನೋಡು." ಆಮೇಲೆ ನಕ್ಕು, "ಈ ಮುದುಕೀದೂ ಒಂದು ಫೋಟೋ ತೆಗಿಯೇ, ಇಡ್ಲಿ ಇಟ್ಟು. ಚಳಿಗಾಲ ಬರಲಿ, ಆ ಬಿಸಿಲೇ ಬೇರೆ" ಎಂದಳು. ಅಪ್ಪನ ಮೀಟರಿನ ಮುಳ್ಳು ಅಷ್ಟರಲ್ಲಿ ಸತ್ತೇ ಹೋಗಿತ್ತು, ಸೂರ್ಯನಿಗೆ ಹಿಡಿದರೂ ಏಳುತ್ತಿರಲಿಲ್ಲ. ಅತ್ತೆ ಶ್ರಾವಣದಲ್ಲೇ ಹೊರಟುಹೋದಳು.

ಅಂಗಡಿಯವನು ಕೆಮ್ಮಿ ನನ್ನನ್ನು ಎಚ್ಚರಿಸಿದ. ದೂರದಿಂದಲೇ ಮುಖದ ಮೇಲಿನ ಒಂದು ಚುಕ್ಕೆಯಷ್ಟು ಜಾಗದ ಬೆಳಕನ್ನು ಅಳೆಯುವ ದುಬಾರಿ ಮೀಟರನ್ನು ಹೊಗಳತೊಡಗಿದ. ಮುಖ ಅಳೆಯೋದು ಬೇಡ ಭಯ್ಯಾ, ಎದುರಿಗಿರೋರ ಮೇಲೆ ಬೀಳೋ ಬೆಳಕು ಅಳೆಯೋದು ಕೊಡಿ ಅಂದೆ. ಸ್ಟುಡಿಯೋದ ಫ್ಲ್ಯಾಶಿಗೂ ಹೊರಗಿನ ಬಿಸಿಲಿಗೂ ಆಗುವಂಥದ್ದು, ಬಿಳಿಯ ಮುಚ್ಚಳ ಇರುವಂಥದ್ದು. "ಅಚ್ಛಾ, ಡೋಮ್ ವಾಲಾ" ಎಂದ. ಹೂಂ, ಇಡ್ಲಿ ವಾಲಾ.

ಮೊನ್ನೆ ಭಾನುವಾರ ದ್ವಾರಕಾದ ಬಾಲ್ಕನಿಗೆ ಚಳಿಗಾಲದ ಬಿಸಿಲು ಬಂತು. ಅತ್ತೆ ಕೂರುತ್ತಿದ್ದ ಬೆತ್ತದ ಕುರ್ಚಿ ಅಲ್ಲೇ ಇತ್ತು. ಅವಳ ಗಲ್ಲ ಇರುತ್ತಿದ್ದ ಎತ್ತರಕ್ಕೆ ಹೊಸ ಮೀಟರು ಹಿಡಿದು ಗುಂಡಿ ಒತ್ತಿದೆ. ಮುಖ ನೋಡುವ ಮೀಟರಾಗಿದ್ದರೆ ಕುರ್ಚಿ ಖಾಲಿ ಇರುವುದು ಅದಕ್ಕೆ ಗೊತ್ತಾಗಿಬಿಡುತ್ತಿತ್ತು. ಇದಕ್ಕೆ ಗೊತ್ತಾಗಲಿಲ್ಲ. ಅತ್ತೆ ಕೂತಿದ್ದರೆ ಎಷ್ಟು ತೋರಿಸುತ್ತಿತ್ತೋ ಅಷ್ಟೇ ತೋರಿಸಿತು.