ಮುಟ್ಟಬಾರದ ತಿಪ್ಪೆ

ಹುಕ್ಕೇರಿಯಲ್ಲಿ ನಿಮ್ಮ ಮನೆಯ ಪಕ್ಕ ಒಂದು ಮೊಳ ಜಾಗ ಖಾಲಿ ಇದ್ದರೆ ಅದು ನಿಮ್ಮದಲ್ಲ, ಓಣಿಯದು. ಆಸ್ತಿಯ ಉತಾರದಲ್ಲಿ ನಿಮ್ಮ ಹೆಸರಿರಬಹುದು, ತೆರಿಗೆ ನೀವೇ ಕಟ್ಟುತ್ತಿರಬಹುದು. ಆದರೆ ಬೆಳಗ್ಗೆ ಎದ್ದ ಕೂಡಲೇ ಅಲ್ಲಿ ಹಾಲಿನ ಖಾಲಿ ಪಾಕೀಟು ಎಸೆಯುವ ಹಕ್ಕು ಬಾಜೂದವರದು. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ನಗುತ್ತ ಹೇಳಿ ನೋಡಿದ್ದಾಯಿತು, ಯಾರಿಗೂ ತಾಗಲಿಲ್ಲ.

ನಮ್ಮ ಮನೆ ಊರ ಅಂಚಿನ ಹೊಸ ಪ್ಲಾಟುಗಳಲ್ಲಿದೆ. ಕಟ್ಟಿಸುವಾಗ ತಗ್ಗು ಮುಚ್ಚಬೇಕೆಂದು ಲಾರಿಗಟ್ಟಲೆ ಗರಸು ಹಾಕಿಸಿದರು. ಗರಸು ಅಂದರೆ ಕೆಂಪನೆಯ ಕಲ್ಲುಪುಡಿ. ರಸ್ತೆಗೆ ಒಳ್ಳೆಯದು, ಬೇರಿಗೆ ಅಲ್ಲ. ಅದರಲ್ಲಿ ಹುಲ್ಲು ಕೂಡ ಹಿಂದೆಮುಂದೆ ನೋಡಿ ಹುಟ್ಟುತ್ತದೆ. ಅಂಥ ನೆಲದಲ್ಲಿ ನನ್ನ ಅತ್ತೆ ಒಂದು ಲಿಂಬೆ ಸಸಿ ನೆಟ್ಟು, ಅದು ಮರವಾಗಲೇಬೇಕೆಂದು ಹಟ ಹಿಡಿದಿದ್ದರು.

ಹಟಕ್ಕೆ ಕಾರಣವಿತ್ತು. ಅತ್ತೆ ಬಾಳ್ವೆ ಮಾಡಿದ್ದು ಗೋಕಾಕ ತಾಲೂಕಿನ ಮಮದಾಪುರದಲ್ಲಿ. ಅಲ್ಲಿಯ ಹೊಲದ ಬಾವಿ ದಂಡೆಯಲ್ಲಿ ಒಂದು ಲಿಂಬೆ ಮರವಿತ್ತು. ಮನೆತನದ ಉಪ್ಪಿನಕಾಯಿ, ಮದುವೆಯ ಪಾನಕ, ದೃಷ್ಟಿ ತೆಗೆಯುವ ಹಣ್ಣು ಎಲ್ಲವೂ ಅದರದೇ. ಮಾವ ತೀರಿಕೊಂಡು ಪಾಲಾದ ಮೇಲೆ ಆ ಹೊಲ ಅತ್ತೆಯ ಮೈದುನನಿಗೆ ಹೋಯಿತು, ಕಬ್ಬು ಹೇರುವ ಟ್ರ್ಯಾಕ್ಟರಿಗೆ ದಾರಿ ಬೇಕೆಂದು ಮರ ಹೋಯಿತು. ಅತ್ತೆ ಅತ್ತದ್ದು ನಾನು ನೋಡಿಲ್ಲ. ಕೊನೆಯ ಸಲ ತಂದ ಹಣ್ಣುಗಳ ಬೀಜ ತೆಗೆದು ಎಣ್ಣೆಯ ಡಬ್ಬಿಯಲ್ಲಿ ಊರಿದರು. ಹುಟ್ಟಿದ್ದು ಒಂದು, ಬದುಕಿದ್ದೂ ಅದೇ ಒಂದು. ಆ ಸಸಿ ನಮ್ಮ ಗರಸಿಗೆ ಇಳಿದ ಮೇಲೆ ಮೊಣಕಾಲಿನ ಮಟ್ಟಕ್ಕೆ ನಿಂತುಬಿಟ್ಟಿತು. ಎಲೆ ಹಳದಿಯಾದವು. ಅದು ಹೋದರೆ ಆ ಮರದ ಕುಲವೇ ಹೋದಂತೆ.

ನನ್ನ ಗಂಡ ಮೂಡಲಗಿಯಲ್ಲಿ ನೌಕರಿ ಮಾಡುತ್ತಾರೆ. ಶನಿವಾರ ಸಂಜೆ ಬರುತ್ತಾರೆ, ಸೋಮವಾರ ಬೆಳಗ್ಗೆ ಹೋಗುತ್ತಾರೆ. ನಡುವಿನ ಒಂದು ದಿನದಲ್ಲಿ ವಾರದ ಎಲ್ಲ ಸಲಹೆ ಕೊಟ್ಟು ಮುಗಿಸಬೇಕು. ಒಂದು ಭಾನುವಾರ ಸಸಿಗೆ ಒಂದು ಹಿಡಿ ಯೂರಿಯಾ ಹಾಕಿದರು. ಇದ್ದ ಎಲೆಗಳ ಅಂಚೂ ಸುಟ್ಟವು. ಊರಿನಿಂದ ಒಂದು ಚೀಲ ತಿಪ್ಪೆಗೊಬ್ಬರ ತರಿಸೋಣ ಎಂದು ನಾನು ಹೇಳಿದೆ. ಅತ್ತೆ ಒಪ್ಪಲಿಲ್ಲ. ತಿಪ್ಪೆ ಅಂದರೆ ಲಕ್ಷ್ಮಿಯಂತೆ, ಒಂದು ಮನೆಯ ಲಕ್ಷ್ಮಿಯನ್ನು ಇನ್ನೊಂದು ಮನೆಯವರು ಬೇಡಬಾರದಂತೆ, ಬೇಡಿದರೂ ಕೊಡಬಾರದಂತೆ. ಹಾಗಾದರೆ ನಮ್ಮದೇ ತಿಪ್ಪೆ ಮಾಡಿಕೊಳ್ಳೋಣ ಎಂದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು ನಾನು. ಹಸಿರು ಕಸ ಗೊಬ್ಬರವಾಗುವುದನ್ನು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುತ್ತೇನೆ. ಕರಿಹಲಗೆಯ ಮೇಲೆ ಅದು ಬಹಳ ಸಲೀಸು.

ಓಣಿಗೆ ಹತ್ತಿದ ಮೂಲೆಯಲ್ಲಿ ಬೇವಿನ ಮರದ ನೆರಳಿತ್ತು, ಕಂಪೌಂಡು ಇರಲಿಲ್ಲ. ಮಳೆಗಾಲದಲ್ಲಿ ಅಲ್ಲಿ ಶುರು ಮಾಡಿದೆ. ಕತ್ತರಿಸಿದ ದಾಸವಾಳದ ಟೊಂಗೆ, ಕಿತ್ತ ಕಳೆ, ಮುಗಿದುಹೋದ ಹೀರೆ ಬಳ್ಳಿ, ಮೆಂತ್ಯೆಯ ದಂಟು ಒಂದು ಪದರ. ಅದರ ಮೇಲೆ ಒಣಗಿದ್ದು ಒಂದು ಪದರ, ಆಮೇಲೆ ಸಗಣಿ ನೀರು. ಒಣಗಿದ್ದಕ್ಕೆ ನನ್ನ ತವರು ಘೋಡಗೇರಿಯಿಂದ ಕಬ್ಬಿನ ರವದಿ, ಅಂದರೆ ಒಣಗರಿ ತಂದೆ. ಎಲ್ಲರೂ ಹೊಲದಲ್ಲೇ ಸುಟ್ಟುಬಿಡುವ ರವದಿಯನ್ನು ಚೀಲ ತುಂಬುವ ತಂಗಿಯನ್ನು ನೋಡಿ ನನ್ನ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಬಸ್ಸಿನಲ್ಲಿ ಕಂಡಕ್ಟರು ಚೀಲದಲ್ಲಿ ಏನಿದೆ ಎಂದು ಕೇಳಿದ. ಕಸ ಎಂದೆ. ಆತ ಮತ್ತೇನೂ ಕೇಳದೆ ನನಗೆ ಕೂರಲು ಜಾಗ ಮಾಡಿಸಿಕೊಟ್ಟ.

ನನ್ನ ರಾಶಿ ಮೇಲೇಳುವುದನ್ನೇ ಓಣಿ ಕಾಯುತ್ತಿತ್ತು. ಮೊದಲು ಹಾಲಿನ ಪಾಕೀಟು ಬಂದವು. ಆಮೇಲೆ ಗುಟಕಾ ಚೀಟಿ, ಗುಳಿಗೆಯ ತಗಡು, ಒಡೆದ ಬಳೆ, ಒಂದು ಸಲ ಯಾರದೋ ಸೀಮಂತದ ಊಟದ ತಾಟುಗಳು ಸಾಂಬಾರಿನ ಸಮೇತ. ದಿನಾ ಸಾಲೆಗೆ ಹೋಗುವ ಮೊದಲು ಕೋಲು ಹಿಡಿದು ಅವನ್ನೆಲ್ಲ ಆರಿಸುವುದು ನನ್ನ ಕೆಲಸವಾಯಿತು. 'ಇಲ್ಲಿ ಕಸ ಹಾಕಬಾರದು' ಎಂದು ಬೋರ್ಡು ಬರೆಸಿದೆ. ಬೋರ್ಡಿನಿಂದ ಒಂದು ಉಪಕಾರವಾಯಿತು: ಕಸ ಎಲ್ಲಿ ಹಾಕಬೇಕೆಂದು ಗೊತ್ತಿಲ್ಲದಿದ್ದವರಿಗೂ ಗೊತ್ತಾಯಿತು. ಓಣಿಗೆಲ್ಲ ಚಿಕ್ಕಮ್ಮನಾದ ಎದುರು ಮನೆಯ ಕಾಕು ನನ್ನ ಕಣ್ಣೆದುರೇ ಪ್ಲಾಸ್ಟಿಕ್ ಚೀಲ ಎಸೆದರು. ಇದು ಕೊಳೆಯುವುದಿಲ್ಲ ಎಂದು ನಾನು ವಿವರಿಸತೊಡಗಿದೆ. ಕಾಕು ಶಾಂತವಾಗಿ ಕೇಳಿದರು. "ಕಸಕ್ಕ ಕಸಾ ಹಾಕೇನ್ರಿ ಅಕ್ಕೋರ, ನಿಮ್ಮ ಗಂಗಾಳಕ್ಕ ಹಾಕಿಲ್ಲಲ್ಲ" ಎಂದರು.

ಹೊರಗಿನವರದು ಇಷ್ಟಾದರೆ, ಭಾನುವಾರ ನಮ್ಮ ಮನೆಯವರದು ಬೇರೆ. ನಾನು ಒಣಗಲು ಹರವಿದ ಎಲೆಗಳಿಗೆ ಕಡ್ಡಿ ಗೀರಿ, ಕೈ ಹಿಂದೆ ಕಟ್ಟಿಕೊಂಡು ಹೊಗೆ ನೋಡುತ್ತ ನಿಂತಿದ್ದರು. ಸೊಳ್ಳೆ ಹೋಗುತ್ತವೆ ಎಂದರು. ಹುಕ್ಕೇರಿಯ ಒಂದು ಸೊಳ್ಳೆಯೂ ಊರು ಬಿಟ್ಟು ಹೋಗಲಿಲ್ಲ. ಎರಡು ವಾರ ಗುಡಿಸಿ ಕೂಡಿಸಿದ ನನ್ನ ಎಲೆ ಮಾತ್ರ ಹೋಯಿತು. ಆ ದಿನ ನಾನು ಅವರಿಗೆ ಊಟಕ್ಕೆ ಬಡಿಸಲಿಲ್ಲ. ಅವರು ತಾವೇ ಬಡಿಸಿಕೊಂಡು ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಇಷ್ಟಾಗುವಾಗ ದೀಪಾವಳಿ ಬಂತು. ಪಾಡ್ಯದ ದಿನ ನಮ್ಮ ಕಡೆ ಸಗಣಿಯಿಂದ ಪಾಂಡವರನ್ನು ಮಾಡುತ್ತಾರೆ. ಬೆರಳುದ್ದದ ಗೊಂಬೆಗಳು. ಚೆಂಡು ಹೂವು, ಉತ್ತರಾಣಿ ಕಡ್ಡಿ ಸಿಗಿಸಿ ಹೊಸ್ತಿಲಿಗೆ, ಒಲೆಯ ಬಳಿಗೆ, ದನದ ಕೊಟ್ಟಿಗೆಗೆ, ತಿಪ್ಪೆಗೆ ಇಟ್ಟು ಪೂಜಿಸುತ್ತಾರೆ. ಹುಕ್ಕೇರಿಗೆ ಬಂದ ಮೇಲೆ ಅತ್ತೆಗೆ ತಿಪ್ಪೆಯೇ ಇರಲಿಲ್ಲ. ಈ ಸಲ ಇತ್ತು. ನಾನು ಹೋಳಿಗೆ ಮಾಡುತ್ತಿದ್ದಾಗ ಅವರು ಹೊರಗೆ ಹೋಗಿ, ನನ್ನ ರಾಶಿಯ ನೆತ್ತಿಯ ಮೇಲೆ ಪಾಂಡವರನ್ನು ಕೂರಿಸಿ, ಅರಿಸಿನ ಕುಂಕುಮ ಏರಿಸಿ, ದೀಪ ಹಚ್ಚಿಟ್ಟು ಕೈ ಮುಗಿದು ಬಂದರು.

ಮರುದಿನ ಬೆಳಗ್ಗೆ ಕೋಲು ಹಿಡಿದು ಹೋದವಳಿಗೆ ಆರಿಸಲು ಏನೂ ಸಿಗಲಿಲ್ಲ. ಒಂದು ಪಾಕೀಟಿಲ್ಲ, ಒಂದು ಚೀಟಿ ಇಲ್ಲ. ಅದರ ಮರುದಿನವೂ ಇಲ್ಲ. ಎದುರು ಮನೆಯ ಕಾಕು ಕಸದ ಬುಟ್ಟಿ ಹೊತ್ತು ಬಂದು, ಅರಿಸಿನ ಕುಂಕುಮ ಕಂಡು, ಹಾಗೇ ತಿರುಗಿ ಮೂರನೆಯ ಮನೆಯ ಬಾಜೂಕ್ಕೆ ಹೋಗಿ ಚೆಲ್ಲಿದರು. ನನ್ನ ವಿಜ್ಞಾನ, ಬೋರ್ಡು, ಬಾಯಿ ಮೂರೂ ಸೇರಿ ಮಾಡಲಾಗದ್ದನ್ನು ಒಂದು ಚಿಟಿಕೆ ಕುಂಕುಮ ಮಾಡಿತ್ತು. ನನಗೆ ಸ್ವಲ್ಪ ಅವಮಾನವಾಯಿತು, ಬಹಳ ಖುಷಿಯಾಯಿತು. ತಿಪ್ಪೆ ಹೋಗಿ ಉಪ್ಪರಿಗೆಯಾಯಿತು ಅನ್ನುವ ಗಾದೆಯನ್ನು ಕಣ್ಣಾರೆ ಕಂಡೆ ಅಂದುಕೊಂಡೆ.

ಖುಷಿ ಮುಂದಿನ ವಾರದವರೆಗೆ ಇತ್ತು. ರಾಶಿಯನ್ನು ಆಗಾಗ ತಿರುವಿ ಹಾಕಿದರೆ ಒಳಗೆ ಗಾಳಿಯಾಡಿ ಬೇಗ ಗೊಬ್ಬರವಾಗುತ್ತದೆ. ನಾನು ಸಲಿಕೆ ಹಿಡಿದು ಹೊರಟೆ. ಇವತ್ತು ಮಂಗಳವಾರ ಎಂದರು ಅತ್ತೆ. ಮರುದಿನ ಸಾಲೆ. ಬಿಡುವಾದ ದಿನ ಮತ್ತೆ ಹೊರಟರೆ ಶುಕ್ರವಾರ. ಅದಾದ ಮೇಲೆ ಹುಣ್ಣಿಮೆ. ಕೊನೆಗೆ ನಾನು ಯಾವ ವಾರ ಆಗಬಹುದೆಂದು ನೇರವಾಗಿ ಕೇಳಿದೆ. ಪೂಜೆ ಮಾಡಿದ ತಿಪ್ಪೆಯನ್ನು ಉಗಾದಿಯವರೆಗೆ ಮುಟ್ಟುವ ಹಾಗೇ ಇಲ್ಲ, ಮುಟ್ಟಿದರೆ ಲಕ್ಷ್ಮಿ ಮನೆ ಬಿಡುತ್ತಾಳೆ ಎಂದರು. ಊರಿನಲ್ಲಿ ತಿಪ್ಪೆ ವರ್ಷವಿಡೀ ತುಂಬುತ್ತದೆ, ಉಗಾದಿಗೆ ಹೊಲಕ್ಕೆ ಹೇರುತ್ತಾರೆ, ನಡುವೆ ತಿರುವಿ ಹಾಕಲು ಅದೇನು ಹಂಚಿನ ಮೇಲಿನ ರೊಟ್ಟಿಯೇ ಎಂದೂ ಕೇಳಿದರು.

ಅತ್ತೆಯ ಕಣ್ಣು ತಪ್ಪಿಸಿಯಾದರೂ ಕೆದರೋಣವೆಂದರೆ ಓಣಿಗೆ ಓಣಿಯೇ ಕಾವಲು. ನಾನು ಸಲಿಕೆ ಮುಟ್ಟಿದರೆ ಸಾಕು, ಕಾಕು ಕಟ್ಟೆಯ ಮೇಲಿನಿಂದ ಎದ್ದು ನಿಲ್ಲುತ್ತಿದ್ದರು. ನಿನ್ನೆಯವರೆಗೆ ಪ್ಲಾಸ್ಟಿಕ್ ಎಸೆದ ಕೈ ಈಗ ಅಡ್ಡ ಬರುತ್ತಿತ್ತು. ಓದಿದವರು ಹೀಗೆ ಮಾಡಬಾರದು ಎಂದು ನನಗೇ ಬುದ್ಧಿ ಹೇಳಿದರು. ಯಾರೋ ಊದುಬತ್ತಿ ಹಚ್ಚಿ ಹೋಗತೊಡಗಿದರು. ಹಿಂದಿನ ಓಣಿಯ ಆಡುಗಳು ಮಾತ್ರ ಮೇಲೆ ಹತ್ತಿ ಕಾಲಿನಿಂದ ಕೆದರಿ ಹೋಗುತ್ತಿದ್ದವು. ಅವಕ್ಕೆ ವಾರ, ತಿಥಿ ಗೊತ್ತಿರಲಿಲ್ಲ. ಇಡೀ ಓಣಿಯಲ್ಲಿ ನನ್ನ ಕೆಲಸಕ್ಕೆ ಬಂದದ್ದು ಆ ಆಡುಗಳು.

ಚಳಿ ಮುಗಿದು ಬಿಸಿಲು ಏರಿತು. ಲಿಂಬೆ ಎಲೆ ಉದುರಿಸತೊಡಗಿತು. ಅತ್ತೆ ದಿನಾ ಬೆಳಗ್ಗೆ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಉದುರಿದ ಎಲೆ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ನಾಲ್ಕು ಹೆಜ್ಜೆ ಆಚೆ ಅದರ ಊಟ ಸಿದ್ಧವಾಗಿತ್ತು, ಊದುಬತ್ತಿಯ ಹೊಗೆಯಲ್ಲಿ ಕೂತಿತ್ತು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

"ಅತ್ತಿ, ಗಿಡಾ ಸಾಯಾಕತ್ತೈತ್ರಿ" ಎಂದೆ ಒಂದು ದಿನ.

"ಉಗಾದಿ ಬರ್ಲಿ" ಎಂದರು, ನನ್ನ ಮುಖ ನೋಡದೆ.

ಆ ಭಾನುವಾರ ನನ್ನ ಗಂಡ ಸಸಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. ಮುಗಿಯಿತು, ಮುಂದಿನ ಶನಿವಾರ ಬರುವಾಗ ಗೋಕಾಕದ ನರ್ಸರಿಯಿಂದ ಕಸಿ ಗಿಡ ತರುತ್ತೇನೆ, ಇದನ್ನು ಕಿತ್ತು ಅದೇ ಕುಣಿಯಲ್ಲಿ ಅದನ್ನು ನೆಡೋಣ, ಎರಡು ವರ್ಷಕ್ಕೆ ಕಾಯಿ ಎಂದರು. ತಾಯಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ನಂಬಿಕೆ ಅವರದು. ಅತ್ತೆ ಎದ್ದು ಹೋಗಿ ಸಸಿಗೆ ಒಂದು ತಂಬಿಗೆ ನೀರು ಹಾಕಿದರು. ಆ ವಾರ ಊಟವನ್ನು ಅರ್ಧಕ್ಕೇ ಬಿಟ್ಟೇಳುತ್ತಿದ್ದರು.

ಶುಕ್ರವಾರ ಸಾಲೆಯಿಂದ ಬಂದಾಗ ಓಣಿಯ ಹೆಂಗಸರು ನಮ್ಮ ಮೂಲೆಯ ಸುತ್ತ ನಿಂತಿದ್ದರು. ಹತ್ತಿರ ಹೋಗಿ ನೋಡಿದರೆ ಅತ್ತೆ ಸೀರೆ ಮೇಲೆ ಕಟ್ಟಿ, ಸಲಿಕೆ ಹಿಡಿದು ತಿಪ್ಪೆ ಒಡೆಯುತ್ತಿದ್ದರು. ಮಂಗಳವಾರ, ಶುಕ್ರವಾರ ಎಂದು ನನ್ನನ್ನು ತಿಂಗಳುಗಟ್ಟಲೆ ತಡೆದವರು, ಶುಕ್ರವಾರವೇ! ಒಣಗಿದ ಪಾಂಡವರನ್ನು ಜೋಪಾನವಾಗಿ ಎತ್ತಿ ಬೇವಿನ ಬುಡದಲ್ಲಿ ಇಟ್ಟಿದ್ದರು. ಮೇಲಿನ ರವದಿ ಸರಿಸಿದ ಕೆಳಗೆ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಹೊಲದ ವಾಸನೆ ಹೊತ್ತು ಬಿದ್ದಿತ್ತು. ನಾನು ಚೀಲ ಬಿಸಾಕಿ ಬುಟ್ಟಿ ಹಿಡಿದೆ.

ಇಂದು ಶುಕ್ರವಾರ, ಲಕ್ಷ್ಮಿ ಮನೆ ಬಿಡುತ್ತಾಳೆ ಎಂದು ಕಾಕು ಗಾಬರಿಯಿಂದ ಹೇಳಿದರು. ಅತ್ತೆ ಸಲಿಕೆ ಊರಿ ನಿಂತು ಬೆವರು ಒರೆಸಿಕೊಂಡರು.

"ಬಿಟ್ಟ ಎಲ್ಲಿಗೆ ಹೊಕ್ಕಾಳ? ಈ ಗಿಡದ ಬುಡಕ್ಕ ಹೊಕ್ಕಾಳ. ಅದೂ ನಂದ ಮನಿ."

ಕಾಕು ಸೆರಗು ಸರಿಪಡಿಸಿಕೊಂಡು ತಮ್ಮ ಕಟ್ಟೆಗೆ ಹೋದರು. ನಾವಿಬ್ಬರೂ ಸಸಿಯ ಸುತ್ತಲಿನ ಗರಸು ತೋಡಿ ತೆಗೆದೆವು, ಬೇರಿಗೆ ಪೆಟ್ಟಾಗದ ಹಾಗೆ. ಬುಟ್ಟಿಗಟ್ಟಲೆ ಗೊಬ್ಬರ ತುಂಬಿ, ನೀರು ಬಿಟ್ಟು, ಮೇಲೆ ರವದಿ ಹೊದಿಸಿದೆವು. ಅತ್ತೆ ಕಾಂಡವನ್ನು ಉಗುರಿನಿಂದ ಚೂರೇ ಚೂರು ಕೆರೆದರು. ಸಿಪ್ಪೆಯ ಕೆಳಗೆ ಎಳೆಯಷ್ಟು ಹಸಿರು ಕಂಡಿತು. ಅವರು ಅದರ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡರು.

ಮರುದಿನ ಬೆಳಗ್ಗೆ, ನಂಬಿದರೆ ನಂಬಿ, ಒಡೆದ ತಿಪ್ಪೆಯಲ್ಲಿ ಹಾಲಿನ ಪಾಕೀಟು ಬಿದ್ದಿತ್ತು. ಲಕ್ಷ್ಮಿ ಎದ್ದಳು, ಪಾಕೀಟು ಕೂತಿತು. ಒಂದು ದಿನವಾದರೂ ತಡೆಯಬಾರದೇ ಈ ಜನ! ಸಂಜೆ ನನ್ನ ಗಂಡ ಕಸಿ ಗಿಡ ಹಿಡಿದು ಇಳಿದರು. ಹಳೆಯದರ ಬುಡ ನೋಡಿ ಕೈಯಲ್ಲಿದ್ದುದನ್ನು ಗೋಡೆಗೆ ಒರಗಿಸಿಟ್ಟರು. ಕಸಿ ಗಿಡ ಕಾಕುವಿನ ಮನೆಗೆ ಹೋಯಿತು, ಅಲ್ಲಿಯ ಗರಸಿನಲ್ಲಿ ಹಳದಿಯಾಗತೊಡಗಿತು. ಕಾಕು ಬುಟ್ಟಿ ಹಿಡಿದು ಗೊಬ್ಬರ ಕೇಳಲು ಬಂದಾಗ ಅತ್ತೆ ತಿಪ್ಪೆಯ ಲಕ್ಷ್ಮಿಯನ್ನು ಕೊಡಲು ಬರುವುದಿಲ್ಲವೆಂದರು. ನಿಮ್ಮ ಕಸ ನಿಮ್ಮಲ್ಲೇ ಇಟ್ಟುಕೊಂಡರೆ ಅದೇ ಗೊಬ್ಬರವಾಗುತ್ತದೆ ಎಂದೂ ಸೇರಿಸಿದರು. ಕಾಕು ಇಟ್ಟುಕೊಂಡಿಲ್ಲ. ನಮ್ಮಲ್ಲಿಗೇ ಎಸೆಯುತ್ತಾರೆ.

ಉಗಾದಿ ಕಳೆದು ಸಸಿಯ ತುದಿಯಲ್ಲಿ ಕೆಂಪು ಛಾಯೆಯ ಚಿಗುರು ಬಂತು. ಅತ್ತೆ ನನಗೂ ಮುಟ್ಟಗೊಡಲಿಲ್ಲ. ಆ ದಿನವೂ ನಾನು ಕೋಲಿನಿಂದ ಪಾಕೀಟು ಆರಿಸುತ್ತ ಗೊಣಗುತ್ತಿದ್ದೆ. ಮುಂದಿನ ಪಾಡ್ಯಕ್ಕೆ ಮತ್ತೆ ಅರಿಸಿನ ಕುಂಕುಮ ಹಾಕಿಬಿಡಿ, ಈ ಕಾಟ ತಪ್ಪಲಿ ಎಂದೆ. ಅತ್ತೆ ತಲೆ ಅಲ್ಲಾಡಿಸಿದರು.

"ಹೊಸ್ತಿಲಕ್ಕ ಹಾಕೂನು, ಒಲಿಗೆ ಹಾಕೂನು. ತಿಪ್ಪಿಗೆ ಬ್ಯಾಡ. ಪೂಜಿ ಮಾಡಿದ್ರ ಮುಟ್ಟಾಕ ಬರೂದಿಲ್ಲವ್ವಾ. ನೀ ಬೈಕೋಂತ ಇರು."

ಹೀಗೆ ನಾನು ಈ ಮನೆಯಲ್ಲಿ ಬೈಯುವ ಕೆಲಸಕ್ಕೆ ನೇಮಕವಾಗಿದ್ದೇನೆ. ಬೆಳಗ್ಗೆ ಸಾಲೆಗೆ ಹೊರಡುವ ಮೊದಲು ಮೂಲೆಯಲ್ಲಿ ನಿಂತು, ಯಾರ ಹೆಸರೂ ಎತ್ತದೆ, ಇಡೀ ಓಣಿಗೆ ಕೇಳುವಂತೆ ಬೈಯುತ್ತೇನೆ. ಬಾಯಿ ಒಣಗುತ್ತದೆ, ಪಾಕೀಟು ನಿಲ್ಲುವುದಿಲ್ಲ. ಅತ್ತೆ ಲಿಂಬೆಯ ಬುಡದಲ್ಲಿ ಕೂತು, ಉದುರಿದ ಎಲೆ ಇದೆಯೇ ಎಂದು ನೆಲ ಸವರಿ ನೋಡುತ್ತಾರೆ. ಇಲ್ಲವೆಂದು ಖಾತ್ರಿಯಾದ ಮೇಲೆ, ಇನ್ನೂ ಸ್ವಲ್ಪ ಜೋರಾಗಿ ಬೈ ಎಂದು ನನಗೆ ಕೈ ಮಾಡುತ್ತಾರೆ.