ಮೂಗಿನಿಂದ ಮೇಲಿನ ಮುಖ

ಸೋಮವಾರ ಮಧ್ಯಾಹ್ನ, ಊಟದ ಗಲಾಟೆ ಮುಗಿದ ಮೇಲೆ, ವಸಂತಿ ಸಾಂಬಾರ್ ಪುಡಿಗೆ ಮೆಣಸು ಹುರಿಯುತ್ತಾಳೆ. ದೆಹಲಿಯ ಓಖ್ಲಾದ ಆ ಗಲ್ಲಿಗೆಲ್ಲ ಅದು ಗೊತ್ತಾಗುತ್ತದೆ. ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನವರು ಕೆಮ್ಮುತ್ತಾರೆ. ಎದುರಿನ ಗಾರ್ಮೆಂಟ್ಸಿನ ಹೆಂಗಸರು ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡು, "ಅಮ್ಮಾಜೀ, ಆಜ್ ಫಿರ್?" ಎಂದು ಕೂಗಿ ನಗುತ್ತಾ ಓಡುತ್ತಾರೆ. ಕಾರ್ಕಳದಿಂದ ಗಂಡ ಸಂಕಪ್ಪನ ಜೊತೆ ಬಂದು ಇಪ್ಪತ್ತೆಂಟು ವರ್ಷ. ಈ ಪುಟ್ಟ ಹೋಟೆಲಿನಲ್ಲಿ ಎಲ್ಲ ಬದಲಾಗಿದೆ, ಪುಡಿ ಮಾತ್ರ ಬದಲಾಗಿಲ್ಲ. ಹುರಿಯುವಾಗ ಅವಳು ಹಳೇ ಕಾಟನ್ ಸೀರೆಯ ತುಂಡೊಂದನ್ನು ಮೂಗು ಬಾಯಿಗೆ ಬಿಗಿದು ಕಟ್ಟಿಕೊಳ್ಳುತ್ತಾಳೆ. ಆಗ ಕಾಣುವುದು ಹಣೆ, ದಟ್ಟ ಹುಬ್ಬು, ಸ್ವಲ್ಪ ಬಾಗಿದಂತಿರುವ ದೊಡ್ಡ ಕಣ್ಣುಗಳು ಮಾತ್ರ.

ಕಳೆದ ಚಳಿಗಾಲದ ಒಂದು ಸೋಮವಾರ, ದೋಸೆ ತಿನ್ನುತ್ತಿದ್ದ ತರುಣನೊಬ್ಬ ಅಡುಗೆಮನೆಯ ಕಿಂಡಿಯತ್ತ ನೋಡಿದವನು ತಟ್ಟೆ ಬಿಟ್ಟು ಎದ್ದ. ಗಲ್ಲಾದಲ್ಲಿ ಕುಳಿತಿದ್ದ ಸಂಕಪ್ಪ, "ಅರೆ ಭಯ್ಯಾ, ಉಧರ್ ಕಿಧರ್?" ಎನ್ನುವಷ್ಟರಲ್ಲಿ ಒಳಗೆ ಹೋಗಿಯಾಗಿತ್ತು. ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದ ವಸಂತಿಯ ಕಾಲಿಗೆ ಅವನು ಮೂರು ಸಲ ಬಗ್ಗಿ ನಮಸ್ಕರಿಸಿದ.

ಕಾಲು ಮುಟ್ಟಿದವರನ್ನು ಹಾಗೇ ಬಿಡುವುದು ವಸಂತಿಗೆ ತಿಳಿಯದು. ಯಾರು, ಏನು ಎಂದು ಕೇಳುವ ಮೊದಲೇ ಬಾಯಿಂದ, "ಒಳ್ಳೇದಾಗ್ಲಿ ಮಗಾ" ಎಂದು ಬಂದುಬಿಟ್ಟಿತು.

ಆ ಕನ್ನಡ ಕೇಳಿದ್ದೇ ಅವನ ಕಣ್ಣು ತುಂಬಿತು. "ನೀವೇ ಸಿಸ್ಟರ್! ನನಗೆ ಗೊತ್ತಿತ್ತು. ನಾನು ಕರಣ್, ಪೊನ್ನಮ್ಮನ ಮಗ."

ಅವನು ಸೈನ್ಯದಲ್ಲಿದ್ದ. ಐದು ವರ್ಷದ ಹಿಂದೆ, ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದಿದ್ದ ಆ ಬೇಸಿಗೆಯಲ್ಲಿ, ವಸಂತ್ ಕುಂಜ್‌ನ ಮನೆಯಿಂದ ಅವನ ತಾಯಿಯನ್ನು ಒಂದು ತಾತ್ಕಾಲಿಕ ವಾರ್ಡಿಗೆ ಸೇರಿಸಿದ್ದರು. ಅವನಿದ್ದದ್ದು ಗಡಿಯಲ್ಲಿ. ದಿನಕ್ಕೆ ಎರಡು ನಿಮಿಷ ಒಬ್ಬ ನರ್ಸ್ ವಿಡಿಯೊ ಕಾಲ್ ಮಾಡಿ ಅಮ್ಮನನ್ನು ತೋರಿಸುತ್ತಿದ್ದರು, ಅಮ್ಮನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಮಾಸ್ಕಿನ ಮೇಲಿನ ಆ ಕಣ್ಣುಗಳ ಹೊರತು ಅವನು ಅವರ ಬೇರೇನನ್ನೂ ಕಂಡಿರಲಿಲ್ಲ. ಅಮ್ಮ ಅಲ್ಲೇ ತೀರಿಕೊಂಡರು. ಎರಡೇ ತಿಂಗಳಲ್ಲಿ ವಾರ್ಡು ಮುಚ್ಚಿತು. ಆಮೇಲೆ ಕೇಳಿದರೆ ಯಾರ ಬಳಿಯೂ ಆ ನರ್ಸಿನ ಹೆಸರಿರಲಿಲ್ಲ.

"ಕೊನೇ ದಿನ ನಿಮ್ಮ ಕಾಲ್ ಬರ್ಲಿಲ್ಲ ಸಿಸ್ಟರ್," ಎಂದ ಕರಣ್. "ಅಮ್ಮ ಒಬ್ಬಳೇ ಇದ್ದಳಾ? ಏನಾದ್ರೂ ಹೇಳಿದ್ಲಾ?"

ಮೆಣಸು ಬಾಣಲೆಯಲ್ಲಿ ಕಪ್ಪಾಗುತ್ತಿತ್ತು. 'ನಾನಿದ್ದೆ, ನಿನ್ನ ಹೆಸರು ಹೇಳಿದರು' ಎಂದರೆ ಸಾಕಿತ್ತು. ಅವನು ನಂಬಲು ಕಾದು ನಿಂತಿದ್ದ. ವಸಂತಿ ಒಲೆ ಆರಿಸಿ, ಮುಖದ ಬಟ್ಟೆ ಬಿಚ್ಚಿದಳು. ಅವನು ಎಂದೂ ಕಾಣದ ಆ ಅರ್ಧ ಮುಖವನ್ನು ನೋಡುತ್ತಾ ಇನ್ನೂ ಉತ್ತರಕ್ಕೆ ಕಾಯುತ್ತಲೇ ಇದ್ದ.

"ನಾನು ಸಿಸ್ಟರ್ ಅಲ್ಲ ಮಗಾ. ಇಲ್ಲಿ ಸಾಂಬಾರ್ ಮಾಡುವವಳು. ಆಸ್ಪತ್ರೆ ಕಡೆ ಹೋದದ್ದೇ ಇಲ್ಲ."

ಅವನ ಮುಖ ಕಿವಿಯವರೆಗೂ ಕೆಂಪಾಯಿತು. "ಸಾರಿ ಆಂಟಿ," ಎಂದು ಹಿಂದೆ ಸರಿದ. ಗುರುವಾರ ಮತ್ತೆ ಡ್ಯೂಟಿಗೆ ಹೊರಡುತ್ತೇನೆ, ಈ ಕಡೆ ಬಂದದ್ದೇ ಆಕಸ್ಮಿಕ ಎಂದು ಬಾಗಿಲಲ್ಲಿ ತೊದಲಿದ.

"ನಿಲ್ಲು, ನಂಬರ್ ಕೊಟ್ಟು ಹೋಗು," ಎಂದಳು ವಸಂತಿ. "ನೀನು ಬೇರೆಯವರಿಗೆ ಮಾಡಿದ ನಮಸ್ಕಾರ ನಾನು ಇಟ್ಟುಕೊಳ್ಳಿಕ್ಕೆ ಆಗುದಿಲ್ಲ."

ಆ ಸಂಜೆ ಸಂಕಪ್ಪ ಬೆರಗಾಗಿ ಕೇಳಿದ: "ಎರಡು ಕೋಟಿ ಜನರ ಊರಲ್ಲಿ ಯಾರನ್ನು ಅಂತ ಹುಡುಕ್ತಿ ಮಾರಾಯ್ತಿ? ಹೆಸರಿಲ್ಲ, ಊರಿಲ್ಲ."

"ಮುಖ ಉಂಟಲ್ಲ," ಎಂದಳು ವಸಂತಿ. ಸೀರೆಯ ತುಂಡನ್ನು ಮತ್ತೆ ಮೂಗಿಗೆ ಕಟ್ಟಿಕೊಂಡು ಗೋಡೆಯ ಮುಂದೆ ನಿಂತಳು. "ಪ್ರಣೀತಾ, ಒಂದು ಫೋಟೊ ತೆಗಿ."

"ಮಮ್ಮಿ, ಡಾಕೂ ಲಗ್ ರಹೀ ಹೋ," ಎಂದು, ಡಕಾಯಿತಳಂತೆ ಕಂಡ ತಾಯಿಯನ್ನು ನೋಡಿ ಮಗಳು ಬಿದ್ದು ಬಿದ್ದು ನಕ್ಕಳು. ಆದರೂ ತೆಗೆದಳು. ದೆಹಲಿಯ ಕನ್ನಡಿಗರ ಮೂರು ವಾಟ್ಸಾಪ್ ಗುಂಪುಗಳಿಗೆ ಫೋಟೊ ಹೋಯಿತು: 'ಈ ಕಣ್ಣಿನ, ಕನ್ನಡ ಮಾತಾಡುವ ನರ್ಸ್ ಯಾರಿಗಾದರೂ ಗೊತ್ತಾ?'

ಉತ್ತರಗಳು ಸುರಿದವು. 'ಇದು ವಸಂತಿ ಅಕ್ಕ ಅಲ್ವಾ?' 'ಅಕ್ಕಾ, ಹೋಟೆಲ್ ಬಿಟ್ಟು ನರ್ಸ್ ಆದ್ರಾ?' 'ಸಂಕಪ್ಪಣ್ಣ ಏನು ಮಾಡಿದ್ರು, ಮುಖ ಮುಚ್ಚಿಕೊಳ್ಳುವ ಹಾಗೆ?' ಮಂಗಳವಾರ ಇಡೀ ದಿನ ತಮಾಷೆಯೇ ನಡೆಯಿತು. ಬುಧವಾರ ಬೆಳಗ್ಗೆ ಧಾರಿಣಿ ಎಂಬ ಶಾಲಾ ಶಿಕ್ಷಕಿ ಬರೆದಳು: 'ನಮ್ಮ ಕಿದ್ವಾಯಿ ನಗರದ ರತ್ನಪ್ರಭಾ ಸಿಸ್ಟರ್ ಫೋಟೊ ನಿಮಗೆ ಹೇಗೆ ಸಿಕ್ತು?'

ಧಾರಿಣಿಯಿಂದ ವಿಳಾಸ ಪಡೆದು, ಮಧ್ಯಾಹ್ನದ ಊಟವನ್ನು ಸಂಕಪ್ಪನಿಗೆ ಒಪ್ಪಿಸಿ ವಸಂತಿ ಆಟೊ ಹತ್ತಿದಳು.

ಸರ್ಕಾರಿ ಕ್ವಾರ್ಟರ್ಸಿನ ಬಾಗಿಲು ತೆರೆದ ಹೆಂಗಸು ಅವಳಿಗಿಂತ ಎತ್ತರ, ಉದ್ದ ಗಲ್ಲ, ಚಪ್ಪಟೆ ಮೂಗು. ಹೋಲಿಕೆಯೇ ಇಲ್ಲ ಎಂದು ವಸಂತಿಯ ಮನಸ್ಸು ಕುಸಿಯಿತು. ಬಂದ ಕಾರಣ ಕೇಳಿ ರತ್ನಪ್ರಭಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಒಳಗಿಂದ ಬಂದ ಅವರ ಗಂಡ ಗುರುರಾಜ ಅಲ್ಲೇ ನಿಂತುಬಿಟ್ಟರು.

"ನೀವೂ ಒಂದ್ಸಲ ಬಾಯಿ ಮುಚ್ಚಿಕೊಳ್ಳಿ," ಎಂದರು ವಸಂತಿಗೆ. ಅವಳು ಸೆರಗು ಹಿಡಿದಳು. ಅವರು ಇಬ್ಬರನ್ನೂ ನೋಡಿ ತಲೆಯಾಡಿಸಿದರು. "ನಮ್ಮತ್ತೆಗೆ ಒಬ್ಬಳೇ ಮಗಳು ಅಂತ ಹೇಳಿ ಮದುವೆ ಮಾಡಿಸಿದ್ರು."

ಆದರೆ ಪೊನ್ನಮ್ಮನ ಹೆಸರು ಕೇಳಿ ರತ್ನಪ್ರಭಾ ಕುರ್ಚಿ ಎಳೆದು ಕುಳಿತರು. ಆ ವಾರ್ಡಿನಲ್ಲಿದ್ದದ್ದು ನಿಜ. ಕಾಲ್ ಮಾಡಿ ತೋರಿಸುತ್ತಿದ್ದದ್ದೂ ನಿಜ. "ಎಷ್ಟೊಂದು ಜನ ಇದ್ರು, ಅಕ್ಕಾ. ಸುಳ್ಳು ಹೇಳಬಾರದು. ಹೆಸರು ಹೇಳಿದ್ರೆ ನನಗೆ ಮುಖ ನೆನಪಿಗೆ ಬರ್ತಿಲ್ಲ."

ಇನ್ನೊಮ್ಮೆ ಆ ಹುಡುಗನಿಗೆ ನಿರಾಸೆ ಮಾಡಿಸಬೇಕೇ? ವಸಂತಿ ಫೋನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಳು. ಅವನು ಹೊರಡುವುದು ನಾಳೆ. ಕೊನೆಗೆ ಕಾಲ್ ಮಾಡಿ ಫೋನನ್ನು ರತ್ನಪ್ರಭಾ ಕೈಗೆ ಕೊಟ್ಟಳು. ಅವರು ನೆನಪಿಲ್ಲವೆಂಬುದನ್ನೇ ಮೊದಲು ಹೇಳಿದರು.

"ಪರವಾಗಿಲ್ಲ ಸಿಸ್ಟರ್," ಎಂದ ಕರಣ್. ಪರದೆಯಲ್ಲಿ ಅವನ ಮುಖ ಬಿಗಿದುಕೊಂಡಿತ್ತು. "ಥ್ಯಾಂಕ್ಸ್ ಹೇಳ್ಬೇಕಿತ್ತು ಅಷ್ಟೆ. ಅಮ್ಮ ತುಂಬ ಕಾಟ ಕೊಟ್ಟಿರ್ತಾಳೆ. ನಾವು ಕೊಡಗಿನವರು. ಬೆಳಗ್ಗೆ ಬೆಲ್ಲದ ಕಾಫಿ ಇಲ್ದಿದ್ರೆ ಅವಳು ಯಾರ ಹತ್ರಾನೂ ಸರಿಯಾಗಿ ಮಾತಾಡಲ್ಲ."

"ಬೆಲ್ಲದ ಕಾಫಿ!" ರತ್ನಪ್ರಭಾ ಎದ್ದು ನಿಂತರು. "ಕಿಟಕಿ ಪಕ್ಕದ ಹಾಸಿಗೆ! ಬಿಳಿ ಜಡೆ! ಅಯ್ಯೋ, ಅವರಾ? ದಿನಾ ಬೈತಿದ್ರು, 'ಇದೇನು ಆಸ್ಪತ್ರೆ, ಹಾಲು ಹಾಕಿದ ನೀರು ಕೊಡ್ತೀರಿ' ಅಂತ."

"ಅಮ್ಮನೇ," ಎಂದ ಕರಣ್, ದನಿ ಬಹಳ ತಗ್ಗಿಸಿ.

"ಒಂದು ದಿನ ಮನೆಯಿಂದಲೇ ಮಾಡಿಕೊಂಡು ಹೋದೆ, ಫ್ಲಾಸ್ಕಲ್ಲಿ. ಬೆಳಗ್ಗೆ ಆರಕ್ಕೆ. ತಲೆ ಎತ್ತಿ ಹಿಡಿದು ಕುಡಿಸಿದೆ. ನಾಲ್ಕು ಚಮಚ ಕುಡಿದ್ರು. ಆಮೇಲೆ ನನ್ನ ನೋಡಿ, 'ಬೆಲ್ಲ ಕಮ್ಮಿ' ಅಂದ್ರು. ಕಣ್ಣು ಮುಚ್ಚಿದ್ರು. ನಿದ್ದೆ ಅಂದ್ಕೊಂಡೆ ನಾನು. ಕೈ ನನ್ನ ಕೈಯಲ್ಲೇ ಇತ್ತು, ಕರಣ್. ನಿಮಗೆ ಫೋನ್ ಮಾಡಿದೆ, ಸಿಗ್ನಲ್ ಸಿಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಹಾಸಿಗೆಯವರು ಕರೆದ್ರು."

ಕರಣ್ ಜೋರಾಗಿ ನಕ್ಕ. ನಗು ಅರ್ಧದಲ್ಲೇ ಅಳುವಾಯಿತು. ಅವನು ಅದನ್ನು ಮುಚ್ಚಿಡಲಿಲ್ಲ. "ಯಾರು ಮಾಡಿ ಕೊಟ್ಟರೂ ಅವಳಿಗೆ ಬೆಲ್ಲ ಕಮ್ಮಿಯೇ," ಎಂದ.

ವಸಂತಿ ಎದುರಿನ ಕುರ್ಚಿಯಲ್ಲಿ ಕೈಮುಗಿದು ಕುಳಿತಿದ್ದಳು. ಯಾರಿಗೆ ಎಂದು ಅವಳೇ ಯೋಚಿಸಿರಲಿಲ್ಲ. ರತ್ನಪ್ರಭಾ ಕೆನ್ನೆ ಒರೆಸಿಕೊಂಡರು. ಆ ವಾರ್ಡಿನಿಂದ ಈವರೆಗೆ ತನ್ನನ್ನು ಯಾರೂ ಹುಡುಕಿಕೊಂಡು ಬಂದಿರಲಿಲ್ಲ ಎಂದರು.

"ಸಿಸ್ಟರ್," ಎಂದ ಕರಣ್. "ಕಾಫಿ ಬಿಸಿ ಇತ್ತಾ?"

"ಇತ್ತಪ್ಪ. ಚೆನ್ನಾಗಿ ಬಿಸಿ ಇತ್ತು. ಚಮಚದಲ್ಲಿ ಆರಿಸಿ ಆರಿಸಿ ಕೊಟ್ಟೆ."