ಪಕ್ಕದ ಸೀಟಿನ ಬ್ರೇಕು

ಕಾರುಗಳ ವೈರಿಂಗ್ ಕೆಲಸದಲ್ಲೇ ತಲೆ ನರೆಸಿಕೊಂಡ ಆತನನ್ನು ಎಲ್ಲರೂ ಕರೆಯುವುದು ವೈರಣ್ಣ ಎಂದು. ಹೆತ್ತವರಿಟ್ಟ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಇನ್ಯಾರಿಗೂ ನೆನಪಿಲ್ಲ. ಮಹಾ ತಾಳ್ಮೆಯ ಮನುಷ್ಯ. ಆದರೆ ಒಂದು ವಿಷಯದಲ್ಲಿ ಮಾತ್ರ ಹಿಡಿದ ಹಟ ಬಿಡುವವನಲ್ಲ. ರಿಪೇರಿಗೆ ಬಂದ ಗಾಡಿಯನ್ನು ಓಡಿಸಿ ನೋಡುವಾಗ ಅವನು ಒಬ್ಬನೇ ಹೋಗಬೇಕು. "ಗಿರಾಕಿಗೂ ಬಾಯಿದೆ, ಎಂಜಿನ್ನಿಗೂ ಬಾಯಿದೆ. ಇಬ್ರೂ ಒಟ್ಟಿಗೆ ಶುರು ಹಚ್ಕೊಂಡ್ರೆ ನಾನು ಯಾರ ಮಾತು ಕೇಳ್ಲಿ?" ಎನ್ನುತ್ತಿದ್ದ. ಈ ಹಟವೇ ಒಂದು ಸಲ ಅವನ ಕಣ್ಣಿಗೆ ಮಣ್ಣೆರಚಿತು.

ಅದೇ ಊರಿನ ಟೈಲರೊಬ್ಬನ ಪುಟ್ಟ ಡೀಸೆಲ್ ಕಾರಿನ ವಿಷಯ ಅದು. ಚೆನ್ನಾಗಿ ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಕೆಮ್ಮಿ ನಿಂತುಬಿಡುತ್ತಿತ್ತು. ಇಳಿದು, ರಸ್ತೆಯಂಚಿಗೆ ತಳ್ಳಿ, ಕೀಲಿ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತಿತ್ತು. ಸ್ಕ್ಯಾನರ್ ಹಚ್ಚಿದರೆ, ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತಿಳಿಸುವ ಸೆನ್ಸರಿನಿಂದ ಸುದ್ದಿ ಬರುವುದು ನಡುವೆ ನಿಂತಿತ್ತು ಎಂದು ತೋರಿಸುತ್ತಿತ್ತು. ಯಾಕೆ ನಿಂತಿತು ಎಂದು ಹೇಳುವಷ್ಟು ಬುದ್ಧಿ ಆ ಡಬ್ಬಿಗಿಲ್ಲ. ವೈರಣ್ಣ ಸೆನ್ಸರ್ ಬದಲಿಸಿದ. ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿದ, ನೀರು ಚಿಮುಕಿಸಿದ, ಬಾನೆಟ್ಟಿನ ಒಳಗಿನ ಒಂದೊಂದು ವೈರನ್ನೂ ಹಿಡಿದು ಅಲ್ಲಾಡಿಸಿದ. ಒಬ್ಬನೇ ಕೂತು ಬೀದಿ ಬೀದಿ ಸುತ್ತಿದ. ಕಾರು ಹಸುವಿನ ಹಾಗೆ ಸಾಧುವಾಗಿ ಓಡಿತು. ವಾಪಸು ಕೊಟ್ಟರೆ ಮತ್ತೆ ಅದೇ ರಾಗ.

ಕೊನೆಗೊಂದು ದಿನ ಟೈಲರ್ ಶೆಡ್ಡಿನ ಬಾಗಿಲಲ್ಲಿ ನಿಂತು ಸಂಕೋಚದಿಂದ ಹೇಳಿದ: "ಇನ್ನು ರಿಪೇರಿ ಬೇಡ ವೈರಣ್ಣ. ನಾನೊಬ್ನೇ ಹೋದ್ರೆ ಗಾಡಿ ಚೆನ್ನಾಗೇ ಇರುತ್ತೆ. ನಮ್ಮವಳು ಪಕ್ಕದಲ್ಲಿ ಕೂತಾಗ ಮಾತ್ರ ಹೀಗಾಗೋದು. ಅದನ್ನ ಅವಳೇ ಗಮನಿಸಿದ್ದು. ಈಗ ಕಾರು ಹತ್ತೋದನ್ನೇ ಬಿಟ್ಟಿದ್ದಾಳೆ."

"ಅಯ್ಯೋ, ಅದೇನು ಮಾತು!"

"ನಾನೂ ಬೈದೆ, ಕೇಳ್ಬೇಕಲ್ಲ. ಅವಳ ಅಕ್ಕ ಪಕ್ಕದೂರಿನ ಆಸ್ಪತ್ರೇಲಿ ಹಾಸಿಗೆ ಹಿಡಿದಿದ್ದಾರೆ. ಬಸ್ಸಲ್ಲಿ ಹೋಗೋಣ ಅಂದ್ರೆ ಇವಳ ಸೊಂಟ ಕೇಳಲ್ಲ. ಕಾರಲ್ಲಿ ಬಾ ಅಂದ್ರೆ, ‘ನನ್ನ ಗ್ರಹಚಾರ ನಿಮಗ್ಯಾಕೆ ತಟ್ಟಬೇಕು, ಹಿಂದೆ ಲಾರಿ ಬಂದು ಗುದ್ದಿದ್ರೆ?’ ಅಂತಾಳೆ. ನಾನೊಬ್ನೇ ಹೋದ್ರೆ ಅತ್ತಿಗೆ ನನ್ನ ಹಿಂದೆ ಬಾಗಿಲ ಕಡೆನೇ ನೋಡ್ತಾರೆ. ಅವರು ಜಾಸ್ತಿ ದಿನ ಇರಲ್ಲ ವೈರಣ್ಣ."

ಅವತ್ತು ಮಧ್ಯಾಹ್ನ ವೈರಣ್ಣನಿಗೆ ಊಟ ಸೇರಲಿಲ್ಲ. ಬಡಿಸುತ್ತಿದ್ದ ಹೆಂಡತಿಗೆ ಎಲ್ಲವನ್ನೂ ಹೇಳಿಕೊಂಡ.

"ಆಯಮ್ಮ ಕೂತ್ರೆ ನಿಲ್ಲುತ್ತೆ ಅಂದ್ರೆ, ಆಯಮ್ಮನ್ನ ಕೂರಿಸ್ಕೊಂಡೇ ನೋಡ್ಬೇಕಲ್ವೇನ್ರೀ?" ಎಂದಳು ಆಕೆ.

"ನೀನೂ ಅದನ್ನ ನಂಬ್ತೀಯೇನೇ?"

"ನಂಬೋ ಮಾತಲ್ಲ. ಹಾಲು ಉಕ್ಕುತ್ತೆ ಅಂದ್ರೆ ಒಲೆ ಹತ್ರ ನಿಂತು ನೋಡ್ಬೇಕೋ, ಬೀದೀಲಿ ನಿಂತು ನೋಡ್ಬೇಕೋ?"

ವೈರಣ್ಣ ಅರ್ಧ ಊಟಕ್ಕೇ ಕೈ ತೊಳೆದ. ಇಷ್ಟು ವರ್ಷದ ಹಟವನ್ನು ಹೆಂಡತಿ ಸೌಟು ಕೆಳಗಿಡದೆಯೇ ಮುರಿದಿದ್ದಳು.

ಟೈಲರನ ಹೆಂಡತಿ ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ವೈರಣ್ಣ ಬಂದು ಕಾರು ಎನ್ನುತ್ತಲೇ, "ಬೇಡಪ್ಪಾ, ನಿಮಗೂ ಹೆಂಡ್ತಿ ಇದ್ದಾಳೆ" ಎಂದಳು.

"ಅಮ್ಮಾ, ನಾನು ಸೋತು ಬಂದಿದ್ದೀನಿ. ನೀವು ಕೂತ್ಕೊಳ್ದೆ ಇದು ನನ್ನ ಕೈಲಿ ಆಗಲ್ಲ" ಎಂದ ವೈರಣ್ಣ. ಸೋತೆ ಎಂದು ಬಂದವನನ್ನು ಬರಿಗೈಲಿ ಕಳಿಸುವ ಜಾಯಮಾನ ಆಕೆಯದಲ್ಲ. ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಎದ್ದಳು.

ಟೈಲರ್ ಓಡಿಸಿದ, ಆಕೆ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಳು, ವೈರಣ್ಣ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ನೋಡುತ್ತಿದ್ದ. ನೇರ ರಸ್ತೆಯಲ್ಲಿ ಏನೂ ಆಗಲಿಲ್ಲ. ಮಾರ್ಕೆಟ್ಟಿನ ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂತು. ಟೈಲರ್ ಬ್ರೇಕ್ ಒತ್ತಿದ. ಆಕೆಯೂ ಒತ್ತಿದಳು! ಇಲ್ಲದ ಬ್ರೇಕನ್ನು, ಕಾರ್ಪೆಟ್ಟಿನ ಮೇಲೆ, ಬಲವಾಗಿ. ಎಂಜಿನ್ ಆರಿಹೋಯಿತು. ಆಕೆ ಮುಖ ಮುಚ್ಚಿಕೊಂಡಳು.

"ಅಮ್ಮಾ, ಕಾಲು ತೆಗೀಬೇಡಿ! ಹಾಗೇ ಇರ್ಲಿ" ಎಂದು ವೈರಣ್ಣ ಕೂಗಿದ. ಟೈಲರ್ ಕೀಲಿ ತಿರುಗಿಸಿದ, ಗಾಡಿ ಹೊತ್ತಿಕೊಳ್ಳಲಿಲ್ಲ. "ಈಗ ತೆಗೀರಿ." ಹೊತ್ತಿಕೊಂಡಿತು. "ಮತ್ತೆ ಒತ್ತಿ." ಆರಿತು.

ಕಾರ್ಪೆಟ್ ಎತ್ತಿ ನೋಡಿದರೆ, ಎಂಜಿನ್ನಿನಿಂದ ಬಂದ ವೈರುಗಳ ಕಟ್ಟು ಕ್ಲಿಪ್ ಕಳಚಿ ಕೆಳಗೆ ಬಿದ್ದಿತ್ತು. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸೆನ್ಸರಿನ ವೈರು ಸಿಪ್ಪೆ ಸುಲಿದುಕೊಂಡು, ಒಳಗಿನ ಎಳೆಗಳು ಕಡಿದು, ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಒತ್ತಿದಾಗಲೆಲ್ಲ ಸುದ್ದಿ ಕಡಿದುಹೋಗುತ್ತಿತ್ತು.

"ಅಂದ್ರೆ ನಾನೇ ನಿಲ್ಲಿಸ್ತಿದ್ದಿದ್ದು" ಎಂದಳು ಆಕೆ, ಸಣ್ಣ ದನಿಯಲ್ಲಿ.

ವೈರಣ್ಣ ಕಾರ್ಪೆಟ್ ಬಿಟ್ಟು ಆಕೆಯತ್ತ ತಿರುಗಿದ. "ಕಾಲಿಡೋ ಜಾಗದಲ್ಲಿ ಕಾಲಿಡದೆ ಇನ್ನೇನಿಡ್ತಾರಮ್ಮ? ಅಲ್ಲಿ ಬಂದು ಬಿದ್ದಿದ್ದು ವೈರು. ಮೊದಲ್ನೇ ದಿನಾನೇ ನಿಮ್ಮನ್ನ ಕೂರಿಸ್ಕೊಂಡು ನೋಡದೆ ಇದ್ದಿದ್ದು ನಾನು."

"ಇಷ್ಟು ವರ್ಷ ಗಾಡಿ ನನ್ನ ಕೈಲಿದೆ ಅಂದ್ಕೊಂಡಿದ್ದೆ" ಎಂದು ಟೈಲರ್ ನಕ್ಕ. ಆಕೆ ನಗಲಿಲ್ಲ.

ವೈರಣ್ಣ ವೈರನ್ನು ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಕಟ್ಟನ್ನು ಮೇಲಕ್ಕೆತ್ತಿ ಕಟ್ಟಿದ. ಮತ್ತೆ ಹಿಂದಿನ ಸೀಟಿನಲ್ಲಿ ಕೂತು, "ಆಸ್ಪತ್ರೆ ದಾರೀಲೇ ಓಡಿಸಿ ನೋಡೋಣ" ಎಂದ. ಆಕೆ ಕಾಲುಗಳನ್ನು ಸೀಟಿನಡಿಗೆ ಮಡಚಿಟ್ಟುಕೊಂಡೇ ಕೂತಿದ್ದಳು. ಮುಂದೆ ಬಸ್ಸೊಂದು ಗಕ್ಕನೆ ನಿಂತಾಗ ಕಾಲು ತಾನಾಗಿ ಮುಂದೆ ಹೋಯಿತು, ಜೋರಾಗಿ ಒತ್ತಿತು. ಕಾರು ನಿಂತಿತು, ಎಂಜಿನ್ ನಿಲ್ಲಲಿಲ್ಲ. ಆಸ್ಪತ್ರೆ ಬರುವವರೆಗೂ ಆಕೆ ಕಾಲನ್ನು ಮತ್ತೆ ಸೀಟಿನಡಿಗೆ ಎಳೆದುಕೊಳ್ಳಲಿಲ್ಲ.

ಅಕ್ಕ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ತಂಗಿಯನ್ನು ಕಂಡವಳೇ ಕೈ ಎತ್ತಲು ನೋಡಿದಳು. "ಎಲ್ಲಿ ಹೋಗಿದ್ಯೇ ಇಷ್ಟು ದಿನ?"

ತಂಗಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಕ್ಕಳಿಸಿದಳು. "ತಪ್ಪು ಕಾರಿಂದು ಅಕ್ಕಾ. ನಂದಲ್ವಂತೆ."

"ನಿಂದು ಅಂತ ಯಾರು ಅಂದ್ರು?" ಎಂದಳು ಅಕ್ಕ. "ಬಾ, ಹತ್ರ ಕೂತ್ಕೋ."